ಕಂಬದ ಹಿಂದಿನ ಸೀಟು

ಅದೇ ಬಾಡಿಗೆ ಮನೆ, ಮೂರನೇ ಮಹಡಿ
ಹದಿನಾಲ್ಕನೇ ತಾರೀಖು, ಭಾನುವಾರ

ಪ್ರೀತಿಯ ಪೀಪಿ,

ನಲವತ್ತನಾಲ್ಕು ತುಂಬಿದವಳನ್ನು ಹೀಗೆ ಕರೆಯಬಹುದೋ ಇಲ್ಲವೋ ತಿಳಿಯದು. ಪೆನ್ನಿನ ಮುಚ್ಚಳದಿಂದ ಬೀಗದ ಕೈವರೆಗೆ ಸಿಕ್ಕಿದ್ದನ್ನೆಲ್ಲ ಊದುತ್ತಿದ್ದವಳಿಗೆ ಅಕ್ಕನಾದ ನಾನೇ ಇಟ್ಟ ಹೆಸರು, ಬಿಡಲು ಆಗುತ್ತಿಲ್ಲ. ಹೇಗಿದ್ದೀಯ? ಚಳಿಯಲ್ಲಿ ತುಟಿ ಒಡೆಯುವುದು ನಿಂತಿತೇ? ಕೊಳಲು ಹಿಡಿಯುವವರಿಗೆ ಎಡ ಹೆಗಲಿನ ನೋವು ತಪ್ಪದು ಎಂದು ಎಲ್ಲೋ ಓದಿದೆ. ನಿನ್ನ ಹೊಸ ವರ್ಷದ ಕಾರ್ಡಿನಲ್ಲಿ ಹೆಗಲಿನ ವಿಷಯವೇ ಇರಲಿಲ್ಲ. ಇಲ್ಲದ್ದರಿಂದ ಇಲ್ಲ ಎಂದುಕೊಳ್ಳಲೋ, ಬರೆಯಲಿಲ್ಲ ಎಂದುಕೊಳ್ಳಲೋ ಗೊತ್ತಾಗಲಿಲ್ಲ. ನಾನು ಚೆನ್ನಾಗಿದ್ದೇನೆ. ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯಲ್ಲಿ ನಿಂತು, ಗೋಡೆಗೆ ಹಾಕಿರುವ ವಿದ್ಯುತ್ ಮೀಟರುಗಳನ್ನು ಓದುವ ನೆಪದಲ್ಲಿ ಉಸಿರು ತೆಗೆದುಕೊಳ್ಳುತ್ತೇನೆ. ಈಗ ಯಾರ ಮನೆಯಲ್ಲಿ ಎಷ್ಟು ಖರ್ಚಾಗುತ್ತದೆ ಎಂಬುದು ನನಗೆ ಬಾಯಿಪಾಠ.

ಹೋದ ವಾರ ಬಸ್ ನಿಲ್ದಾಣದ ಎದುರಿನ ಗೋಡೆಗೆ ನಿಮ್ಮ ತಂಡದ ಚಿತ್ರ ಅಂಟಿಸಿದರು. ಆರು ಜನ, ಬಲತುದಿಯಲ್ಲಿ ನೀನು. ಕೆಳಗೆ ನಮ್ಮ ಸಭಾಂಗಣದ ಹೆಸರು, ಇಪ್ಪತ್ತೇಳನೇ ತಾರೀಖು. ಇಷ್ಟು ವರ್ಷ ಎಲ್ಲೆಲ್ಲೋ ನುಡಿಸಿದವಳು ಇಲ್ಲಿಗೆ ಬರುತ್ತಿರುವುದು ಇದೇ ಮೊದಲು. ನಾನು ಎರಡು ಬಸ್ಸು ಬಿಟ್ಟು ನೋಡುತ್ತಾ ನಿಂತೆ. ಒಂದು ಮಾತು ಬರೆದು ಹಾಕಿದ್ದರೆ ನೀನು ಪಾಸು ಕಳಿಸುತ್ತಿದ್ದೆ, ಗೊತ್ತು. ಕೇಳಲಿಲ್ಲ. ಆ ಸಭಾಂಗಣದ ಕೌಂಟರಿನಲ್ಲಿ ಕೂತು ಪುಕ್ಕಟೆ ಪ್ರವೇಶದ ಬಗ್ಗೆ ನಾನು ಒಮ್ಮೆ ನಿನಗೆ ಹೇಳಿದ ಮಾತು ನಮ್ಮಿಬ್ಬರಿಗೂ ನೆನಪಿದೆ. ಆದ್ದರಿಂದ ಈ ಸಲ ನಾನೇ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳಬೇಕು ಎಂದುಕೊಂಡೆ. ಅಷ್ಟೇನೂ ಕಷ್ಟದ ಕೆಲಸವಲ್ಲ ಎಂದೂ ಅಂದುಕೊಂಡೆ. ಇಪ್ಪತ್ತಾರು ವರ್ಷ ಟಿಕೆಟ್ ಮಾರಿದವಳು ಒಂದು ಟಿಕೆಟ್ ಕೊಳ್ಳಲಾರಳೇ?

ನಾನು ಕೂರುತ್ತಿದ್ದ ಕೌಂಟರಿನ ಜಾಗದಲ್ಲಿ ಮೂರು ವರ್ಷದಿಂದ ಒಂದು ಕಾಫಿ ಯಂತ್ರ ಇದೆ. ನನ್ನ ಹಾಗೆಯೇ ಅದಕ್ಕೂ ಚಿಲ್ಲರೆ ಕೊಡುವುದೆಂದರೆ ಆಗದು. ಟಿಕೆಟ್ ಈಗ ಫೋನಿನಲ್ಲಿ ಮಾತ್ರ. ಸೋಮವಾರ ಬೆಳಗ್ಗೆ ತೆರೆದು ನೋಡಿದೆ. ಬೆಲೆ ನನ್ನ ಒಂದು ತಿಂಗಳ ಬಸ್ ಪಾಸಿನಷ್ಟಿತ್ತು. ಊಟ ಮಾಡಿ ತೆಗೆದುಕೊಳ್ಳೋಣ ಎಂದು ಎದ್ದೆ. ಊಟ ಮುಗಿಸಿ ಬರುವಷ್ಟರಲ್ಲಿ ಅದೇ ಸೀಟಿಗೆ ಬಸ್ ಪಾಸು ಮತ್ತು ಒಂದು ಜೊತೆ ಚಪ್ಪಲಿಯಷ್ಟು. ಪೀಪಿ, ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ. ನಮ್ಮ ಕಾಲದಲ್ಲಿ ಬೆಲೆಯನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿರುತ್ತಿದ್ದರು. ಬದಲಾಯಿಸಬೇಕೆಂದರೆ ಪೇಂಟರನ್ನು ಕರೆಸಬೇಕು, ಏಣಿ ತರಿಸಬೇಕು, ಎಂಥಾ ದುರಾಸೆಯ ಮ್ಯಾನೇಜರನೂ ಏಣಿ ಹುಡುಕುವಷ್ಟರಲ್ಲಿ ಸುಸ್ತಾಗುತ್ತಿದ್ದ. ಹಾಗಾಗಿ ನಾಲ್ಕು ವರ್ಷಕ್ಕೊಮ್ಮೆ ಏರುತ್ತಿತ್ತು. ಈಗ ಒಂದು ಊಟದ ಹೊತ್ತಿನಲ್ಲಿ ಏಣಿ ಹತ್ತಿ ಇಳಿದವರು ಯಾರು?

ಸಭಾಂಗಣದ ಆಫೀಸಿಗೆ ಫೋನ್ ಮಾಡಿದೆ. ಈಗ ಅಲ್ಲೊಬ್ಬಳು ಹುಡುಗಿ ಮ್ಯಾನೇಜರ್, ಒಳ್ಳೆಯವಳು. “ಯಾರೂ ಬದಲಾಯಿಸಲ್ಲ ಮೇಡಂ, ಅದೇ ಬದಲಾಗುತ್ತೆ” ಅಂದಳು. ಅದೇ ಅಂದರೆ ಯಾರಮ್ಮ ಎಂದರೆ “ಅದೇ ಮೇಡಂ, ಸಿಸ್ಟಮ್ಮು. ಜನ ಜಾಸ್ತಿ ಬಂದರೆ ಏರುತ್ತೆ” ಎಂದಳು. ಬೆಲೆ ಏಕೆ ಇಷ್ಟು ಎಂದೂ ಕೇಳಿದೆ. ಲಾರಿ, ದೀಪ, ಧ್ವನಿಯವರು, ವಿಮೆ, ಫೋನಿನ ಕಂಪನಿಯವರ ಪಾಲು, ಸಭಾಂಗಣದ ಪಾಲು ಎಂದು ಬೆರಳು ಮಡಿಸುವುದು ನನಗೆ ಕೇಳಿಸುವ ಹಾಗೆ ಹೇಳಿದಳು. ಸಂಗೀತಗಾರರು ಎಷ್ಟನೆಯ ಬೆರಳಿಗೆ ಬರುತ್ತಾರೆ ಎಂದು ಕೇಳಿದ್ದಕ್ಕೆ ನಕ್ಕುಬಿಟ್ಟಳು. ನಿನ್ನನ್ನೇ ಕೇಳುತ್ತೇನೆ, ಬೇಸರವಿಲ್ಲದಿದ್ದರೆ ಬರೆ: ನಾನು ಒಂದು ಟಿಕೆಟ್ ಕೊಂಡರೆ ನಿನಗೆ ತಲುಪುವುದು ಎಷ್ಟು? ನೀನು ಒಂದು ಸಲ ಉಸಿರು ಎಳೆದುಕೊಳ್ಳುವಷ್ಟಾದರೂ ಆಗುತ್ತದೆಯೇ?

ಆ ದಿನವೇ ಸಂಜೆ ನಾನು ಟಾರ್ಚಣ್ಣನ ಮನೆಗೆ ಹೋದೆ. ನೆನಪಿದೆಯಲ್ಲ, ಕತ್ತಲಲ್ಲಿ ಬೆಳಕು ಬಿಟ್ಟು ಸೀಟು ತೋರಿಸುತ್ತಿದ್ದವನು. ಈಗಲೂ ಮನೆಗೆ ಬಂದವರಿಗೆ ಕುರ್ಚಿ ತೋರಿಸುವಾಗ ಕೈ ಹಾಗೇ ಚಾಚುತ್ತಾನೆ. ವಿರಾಮದ ಗಂಟೆ ಬಾರಿಸುತ್ತಿದ್ದ ಗಂಟೆ ಮೇಷ್ಟ್ರೂ ಬಂದಿದ್ದರು. ಮೂವರೂ ಕೂಡಿದರೆ ಮಾಡಲು ಬರುವುದು ಒಂದೇ ಕೆಲಸ. ಹಿಂದೆ ಯಾವುದೇ ಕಾರ್ಯಕ್ರಮದ ಟಿಕೆಟ್ ಮಾರುವ ಮೊದಲು ನಾವು ಸೀಟು ಮುಟ್ಟುತ್ತಿದ್ದೆವು: ನಾನು ನಕ್ಷೆ ನೋಡಿ ನಂಬರು ಕೂಗುವುದು, ಟಾರ್ಚಣ್ಣ ಆ ಕುರ್ಚಿಯನ್ನು ಕೈಯಿಂದ ಮುಟ್ಟಿ “ಇದೆ” ಅನ್ನುವುದು, ಮೇಷ್ಟ್ರು ಪೆನ್ಸಿಲಿನಲ್ಲಿ ಗುರುತು ಹಾಕುವುದು. ಇಪ್ಪತ್ತೆಂಟು ಸಾಲು, ಸಾಲಿಗೆ ಇಪ್ಪತ್ತೆರಡು, ಒಟ್ಟು ಆರುನೂರ ಹದಿನಾರು. ಈ ಮುಟ್ಟುವ ಶಾಸ್ತ್ರವಿಲ್ಲದೆ ಒಂದು ಟಿಕೆಟೂ ಹರಿಯುತ್ತಿರಲಿಲ್ಲ. ಈಗ ಫೋನಿನಲ್ಲಿ ಅದೇ ನಕ್ಷೆ ಬಣ್ಣಬಣ್ಣವಾಗಿ ಕಂಡಾಗ ಯಾರೂ ಏನೂ ಹೇಳಬೇಕಾಗಲಿಲ್ಲ. ನಾನು ಕೂಗಿದೆ, ಅವರು ಮುಟ್ಟಿದರು. ಮುಟ್ಟಿದ ಸೀಟು ಹಳದಿಯಾಗಿ, ಅದರ ಬೆಲೆ ತೋರಿಸಿ, ಹತ್ತು ನಿಮಿಷ ನಮ್ಮ ಹೆಸರಿನಲ್ಲೇ ನಿಲ್ಲುತ್ತಿತ್ತು. ಮೂರು ಫೋನು. ಚಹಾ ಕುಡಿದು ನಾಲ್ಕಕ್ಕೆ ಕೂತರೆ ಆರರವರೆಗೆ. ಟಾರ್ಚಣ್ಣನ ಸೊಸೆ ಬಾಗಿಲಲ್ಲಿ ನಿಂತು “ಮಾವ, ತಗೊಳೋದು ಒಂದು ಸೀಟು, ಆರುನೂರು ಸೀಟಿನ ಜಾತಕ ಯಾಕೆ?” ಎಂದು ಕೇಳಿದಳು. “ತಗೊಳೋಕಲ್ಲಮ್ಮ, ಇದೆಯಾ ಅಂತ ನೋಡೋಕೆ” ಎಂದು ಅವನು ಬಹಳ ಗಂಭೀರವಾಗಿ ಹೇಳಿದ.

ಮಂಗಳವಾರ, ಬುಧವಾರವೂ ಹಾಗೇ. ಬೆಲೆ ಪಾಸು, ಚಪ್ಪಲಿ, ಮತ್ತು ನನ್ನ ಕನ್ನಡಕದ ಹೊಸ ಗಾಜಿನವರೆಗೆ ಬಂತು. ಸಂಜೆ ನಾಲ್ಕರ ನಂತರ ಏರುತ್ತದೆ, ಆರರ ನಂತರ ನಿಲ್ಲುತ್ತದೆ ಎಂದು ಮೇಷ್ಟ್ರು ಪತ್ತೆ ಮಾಡಿದರು. ಕೆಲಸದಿಂದ ಮನೆಗೆ ಹೊರಟವರು ಬಸ್ಸಿನಲ್ಲಿ ಕೂತು ಫೋನಿನಲ್ಲಿ ಟಿಕೆಟ್ ಕೊಳ್ಳುತ್ತಿರಬೇಕು ಎಂದು ನಾನೊಂದು ಕಾರಣ ಕಟ್ಟಿದೆ, ಇಬ್ಬರೂ ಮೆಚ್ಚಿಕೊಂಡರು. ನಿನ್ನನ್ನು ನೋಡಲು ಇಷ್ಟು ಜನ ಮುಗಿಬಿದ್ದಿದ್ದಾರಲ್ಲ ಎಂದು ನನಗೆ ಒಳಗೊಳಗೇ ಜಂಬ. ನಮ್ಮ ಮನೆಯ ಕೆಳಗಿನ ಅಂಗಡಿಯ ದರ್ಜಿಗೂ ಹೇಳಿ ಬಂದೆ. ಗುರುವಾರ ಟಾರ್ಚಣ್ಣನಿಗೆ ಜ್ವರ, ನಾವು ಸೇರಲಿಲ್ಲ. ಬೆಲೆ ಇಳಿಯಿತು. ಶುಕ್ರವಾರ ಇನ್ನೂ ಇಳಿದು ಬರೀ ಬಸ್ ಪಾಸಿಗೆ ಬಂತು. ಇಳಿದಾಗಲೇ ಕೊಳ್ಳಬೇಕಿತ್ತು ಎಂದು ನೀನು ಹೇಳುತ್ತೀಯ, ನಿಜ. ಆದರೆ ಏಕೆ ಇಳಿಯಿತು ಎಂದು ತಿಳಿಯದೆ ಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಈ ಸ್ವಭಾವಕ್ಕೆ ಅಪ್ಪ ಏನು ಹೆಸರಿಟ್ಟಿದ್ದರು ಎಂದು ನಿನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ.

ನಿನ್ನೆ ಜ್ವರ ಬಿಟ್ಟಿತು, ಮತ್ತೆ ಕೂತೆವು. ಚಹಾ ಕುಡಿದು ಒಂಬತ್ತನೇ ಸಾಲು ಮುಟ್ಟುವಷ್ಟರಲ್ಲಿ ಬೆಲೆ ಜಿಗಿಯಿತು. ಗಂಟೆ ಮೇಷ್ಟ್ರು ತಮ್ಮ ಫೋನನ್ನು ಮೆಲ್ಲಗೆ ಬೋರಲು ಹಾಕಿದರು. ಆಮೇಲೆ ಅಂದರು: “ಜನ ಜಾಸ್ತಿ ಬಂದರೆ ಏರುತ್ತೆ ಅಂದಳಲ್ಲ. ಆ ಜನ ಅಂದರೆ ನಾವೇ ಕಣಕ್ಕ.”

ಟಾರ್ಚಣ್ಣ ತನ್ನ ಬೆರಳ ತುದಿಯನ್ನು ನೋಡಿಕೊಂಡ. ನಾನು ಆಫೀಸಿಗೆ ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿದೆ. ಆ ಹುಡುಗಿ, “ಮೇಡಂ, ಅದು ನೀವಾ? ದಿನಾ ನಾಲ್ಕು ಗಂಟೆಗೆ ಸರಿಯಾಗಿ ಜನ ನುಗ್ತಿದಾರೆ, ಎರಡನೇ ದಿನನೂ ಕಾರ್ಯಕ್ರಮ ಇಡೋಣ್ವಾ ಅಂತ ನಾವು ಮೀಟಿಂಗ್ ಮಾಡ್ತಾ ಇದ್ವಿ” ಎಂದಳು. ನಿಮ್ಮ ತಂಡದವರು ಎರಡನೇ ದಿನದ ಮಾತೆತ್ತಿದ್ದರೆ ಅದು ನಮ್ಮ ಮೂವರ ಚಹಾದ ಫಲ ಎಂದು ತಿಳಿದುಕೊ.

ನಗು ಬಂತು, ಆದರೆ ಪೂರ್ತಿ ಬರಲಿಲ್ಲ. ಏಕೆಂದರೆ ಕೆಳಗಿನ ದರ್ಜಿ ನನ್ನ ಮಾತು ಕೇಳಿ, ಇನ್ನೂ ಏರೀತು ಎಂಬ ಭಯಕ್ಕೆ, ಬುಧವಾರ ಸಂಜೆ ಐದೂವರೆಗೇ ತನಗೂ ಮಗಳಿಗೂ ಎರಡು ಟಿಕೆಟ್ ಕೊಂಡಿದ್ದ. ನಮ್ಮ ಬೆರಳುಗಳು ಏರಿಸಿದ ಬೆಲೆಗೆ. ಅವನಿಗೆ ಹೇಳದೆ ಮಲಗಲು ಆಗಲಿಲ್ಲ, ಇಳಿದು ಹೋಗಿ ಹೇಳಿದೆ. ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, “ಅಂದರೆ ನಿಮ್ಮ ತಂಗೀನ ನೋಡೋಕೆ ನಿಮ್ಮ ದೆಸೆಯಿಂದ ಜಾಸ್ತಿ ಕೊಟ್ಟೆ” ಎಂದ. ಹೌದು ಎಂದೆ. ಹೆಚ್ಚಾದಷ್ಟನ್ನು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. “ಬಿಡಿ ಅಕ್ಕಾವ್ರೆ. ಇನ್ಮೇಲೆ ನಿಮ್ಮ ಕೋಟಿಗೆ ಗುಂಡಿ ಹಾಕೋಕೆ ನಾನೂ ದಿನಕ್ಕೊಂದು ರೇಟ್ ಹೇಳ್ತೀನಿ, ನೀವೆಷ್ಟು ಸಲ ಬಂದು ಕೇಳ್ತೀರೋ ಅದರ ಮೇಲೆ” ಎಂದ.

ಇವತ್ತು ಬೆಳಗ್ಗೆ, ಸೀಟು ಮುಟ್ಟದೆ, ನಕ್ಷೆಯನ್ನು ಮಾತ್ರ ನೋಡಿದೆ. ಬೆಲೆ ಇಳಿದಿದ್ದ ಎರಡು ದಿನಗಳಲ್ಲೂ, ನಿನ್ನೆ ನಾವು ಕೈಬಿಟ್ಟ ಮೇಲೆ ರಾತ್ರಿಯೂ ಬುದ್ಧಿವಂತರೆಲ್ಲ ಕೊಂಡು ಮುಗಿಸಿದ್ದರು. ಉಳಿದದ್ದು ಒಂದೇ: ಎಂಟನೇ ಸಾಲು, ಇಪ್ಪತ್ತೆರಡು. ಕಂಬದ ಸೀಟು. ನಮ್ಮ ಕಾಲದಲ್ಲಿ ಅದನ್ನು ಮಾರುತ್ತಲೇ ಇರಲಿಲ್ಲ. ಕಂಬ ಕಣ್ಣಿಗೆ ಅಡ್ಡ ಬರುವ ಜಾಗಕ್ಕೆ ದುಡ್ಡು ತೆಗೆದುಕೊಳ್ಳುವುದು ಹೇಗೆ ಎಂದು ಹಳೆಯ ಮ್ಯಾನೇಜರು ನಕ್ಷೆಯಲ್ಲೇ ಅದಕ್ಕೊಂದು ಗುಣಿಸು ಗುರುತು ಹಾಕಿಸಿದ್ದರು. ಕಾಲು ನೋಯುವ ದಿನ ಟಾರ್ಚಣ್ಣ ಅಲ್ಲಿ ಕೂರುತ್ತಿದ್ದ, ಅಷ್ಟೇ. ಈಗ ಅದಕ್ಕೆ ‘ಭಾಗಶಃ ನೋಟ’ ಎಂದು ಹೆಸರು ಕೊಟ್ಟು, ಪಾಸು ಮತ್ತು ಚಪ್ಪಲಿಯ ಬೆಲೆ ಕಟ್ಟಿದ್ದಾರೆ. ಕಂಬಕ್ಕೂ ಕಾಲ ಬಂತು. ಎರಡು ಸಲ ಯೋಚಿಸಲಿಲ್ಲ, ಕೊಂಡೆ. ಚಪ್ಪಲಿ ಇನ್ನೊಂದು ವರ್ಷ ತಡೆಯುತ್ತದೆ.

ಕೊಂಡಮೇಲೆ ಸುಮ್ಮನೆ ಕೂತಿದ್ದಾಗ ಆ ಹಳೆಯ ಸಂಜೆ ನೆನಪಾಯಿತು. ಇಪ್ಪತ್ತಮೂರು ವರ್ಷ. ನಿನ್ನ ಗುರುಗಳ ಗುರುಗಳು ಕೊಳಲು ನುಡಿಸಲು ಬಂದಿದ್ದರು. ಅದೇ ವಾರ ಪೇಂಟರು ಗೋಡೆಯ ಬೆಲೆ ಬದಲಾಯಿಸಿದ್ದ, ನೀನು ಹಳೆಯ ಬೆಲೆಯನ್ನು ಸರಿಯಾಗಿ ಎಣಿಸಿ ಮುಷ್ಟಿಯಲ್ಲಿ ಹಿಡಿದು ಸಾಲಿನಲ್ಲಿ ನಿಂತಿದ್ದೆ. “ಟಿಕೆಟ್ ಇಲ್ಲದೆ ನನ್ನ ತಂಗಿಯಾದರೂ ಒಳಗೆ ಬಿಡೋದಿಲ್ಲ” ಎಂದು ಕೌಂಟರಿನಿಂದ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ. ನಿನ್ನ ಹಿಂದಿದ್ದ ಒಬ್ಬರು ಭೇಷ್ ಎಂದರು. ನೀನು ಸೈಕಲ್ ನಿಲ್ಲಿಸುವ ಕಡೆಯ ಗೋಡೆಗೆ ಕಿವಿಕೊಟ್ಟು ಕೊನೆಯವರೆಗೂ ಕೇಳಿದೆ ಎಂದು ಟಾರ್ಚಣ್ಣ ಆಮೇಲೆ ಹೇಳಿದ. ಮನೆಗೆ ಬಂದು ಅದರ ಬಗ್ಗೆ ನೀನು ಒಂದು ಮಾತೂ ಆಡಲಿಲ್ಲ. ಆ ವರ್ಷವೇ ತಂಡ ಸೇರಿ ಹೊರಟೆ. ಆ ಗೋಡೆ ಈಗಲೂ ಇದೆ, ಸುಣ್ಣ ಹೊಸದು.

ಟಾರ್ಚಣ್ಣ, ಮೇಷ್ಟ್ರು ನಿನ್ನನ್ನು ಕೇಳಿದರು ಎಂದು ತಿಳಿಸಲು ಹೇಳಿದ್ದಾರೆ. ದರ್ಜಿಯ ಮಗಳಿಗೆ ನಿನ್ನ ಸಹಿ ಬೇಕಂತೆ. ಅವಳ ಅಪ್ಪ ಕೊಟ್ಟ ಬೆಲೆಗೆ ಎರಡು ಸಹಿ ಹಾಕಿಕೊಡು. ತುಟಿಗೆ ಮುಲಾಮು ಹಚ್ಚುವುದನ್ನು ಮರೆಯಬೇಡ. ನಿನ್ನ ಉಸಿರು ಎಂದೂ ಸಾಲದೆ ಹೋಗದಿರಲಿ ಎಂದು ಹಾರೈಸುವ,

ನಿನ್ನ ಅಕ್ಕ

ತಾ.ಕ.: ಸೋಮವಾರ. ಅಂಚೆ ಕಚೇರಿಯಲ್ಲಿ ದಾರಕ್ಕೆ ಕಟ್ಟಿದ ಪೆನ್ನಿನಲ್ಲಿ ನಿಂತೇ ಬರೆಯುತ್ತಿದ್ದೇನೆ, ಹಿಂದೆ ಇಬ್ಬರು ಕಾಯುತ್ತಿದ್ದಾರೆ. ನೀನು ಗೋಡೆಯ ಹೊರಗೆ ನಿಂತ ಸಂಜೆ ಕಂಬದ ಸೀಟು ಖಾಲಿ ಇತ್ತು. ನಕ್ಷೆ ನನ್ನ ಕೈಯ ಕೆಳಗೇ ಇತ್ತು, ಆ ಗುಣಿಸು ಗುರುತು ಕಾಣುತ್ತಿತ್ತು. ನಿನಗೆ ಕಡಿಮೆ ಬಿದ್ದಷ್ಟು ದುಡ್ಡಿದ್ದ ನನ್ನ ಕೈಚೀಲವೂ ಕುರ್ಚಿಯ ಕೆಳಗೇ ಇತ್ತು. ಸಾಲಿನಲ್ಲಿದ್ದವರು ನೋಡುತ್ತಿದ್ದರು, ಅಷ್ಟೇ ಕಾರಣ. ಬೇರೆ ಕಾರಣ ಬಹಳ ಹುಡುಕಿದೆ, ಸಿಗಲಿಲ್ಲ. ಈ ಸಲ ಅಲ್ಲಿ ನಾನು ಕೂತಿರುತ್ತೇನೆ. ನೀನು ನಿಲ್ಲುವ ಮೂಲೆ ಪೂರ್ತಿ ಕಂಬದ ಹಿಂದೆ ಹೋಗುತ್ತದೆ. ಎರಡು ಗಂಟೆ ನೀನು ಕಾಣದಿದ್ದರೂ ಸರಿ, ಕೇಳಿಸುತ್ತದೆ, ಆವತ್ತು ನಿನಗೆ ಸಿಕ್ಕಿದ್ದೂ ಅಷ್ಟೇ. ಕೊನೆಯಲ್ಲಿ ಆರು ಜನರೂ ಬಗ್ಗಿ ವಂದಿಸುತ್ತೀರಲ್ಲ, ಆಗ, ನಿನಗೆ ಮನಸ್ಸಿದ್ದರೆ ಮಾತ್ರ, ನಿನ್ನ ಬಲಗಡೆಗೆ ಮೂರು ಹೆಜ್ಜೆ ಬಾ. ಟಾರ್ಚಣ್ಣ ಇವತ್ತು ಬೆಳಗ್ಗೆ ಹೋಗಿ ಆ ಸೀಟಿನಲ್ಲಿ ಕೂತು ನೋಡಿ ಬಂದಿದ್ದಾನೆ. ಮೂರು ಸಾಕಂತೆ.