ಬೊಳ್ಳಜ್ಜಿಯ ಗುಡಿಸಲಿಗೆ ಕೀಲಿ

ಅಂಬ್ರಪ್ಪ,

ನಿನ್ನ ಅಂಗಿ ಒಗಿಯಾಕ ತಗೊಂಡ್ರ ಕಿಸೆದಾಗ ಕೀಲಿಕೈ ಸಿಕ್ತು. ಕೊಡಗಿನ ಕಾಡಿನಾಗ ಬೊಳ್ಳಜ್ಜಿ ನಮಗ ಇರಾಕ ಬಿಟ್ಟುಕೊಟ್ಟ ತನ್ನ ಗುಡಿಸಲಿಗೆ, ನಾ ಮೊದಲ ಊರಿಗೆ ಬಂದ ಮ್ಯಾಲ, ಕೀಲಿ ಜಡಿದು ಬಂದೀಯಲ್ಲ, ನಾಚಿಕಿ ಆಗಲಿಲ್ಲೇನು? ಜೇನುಕುರುಬರ ಆ ಹಾಡಿಯಾಗ ಯಾರ ಮನಿಗೂ ಕೀಲಿ ಇಲ್ಲ. ಮಳ್ಯಾಗ ತೊಯ್ದು ಬಂದವ್ರು ಯಾರ ಗುಡಿಸಲಿಗಾದ್ರೂ ಹೊಕ್ಕು ಒಲಿ ಹಚ್ಚತಾರ. ಸೇವಾ ಮಾಡಾಕ ನನ್ನ ಜೋಡಿ ಹೋಗಿ ಎಂಟು ತಿಂಗಳಿದ್ದು ಇಷ್ಟೂ ಕಲೀಲಿಲ್ಲ ನೀ. ನಿನ್ನೆ ಶಹಾಪುರದ ಏಕೀಕರಣದ ಸಭಾದಾಗ "ರಾಜ್ಯ ಒಂದಾತು, ನಾವೆಲ್ಲಾ ಒಂದೇ ಮನಿಯವರು" ಅಂತ ಭಾಷಣ ಬ್ಯಾರೆ.

ರೊಟ್ಟಿ ಬುಟ್ಟ್ಯಾಗ ಅದಾವ, ಪುಂಡಿಪಲ್ಯ ಬಿಸಿ ಮಾಡ್ಕೊ. ಅವ್ವ ವನದುರ್ಗದಿಂದ ಬಂದ್ರ ನಾ ಯಾಕ ಹೋದೆ ಅಂತ ನೀನೇ ಹೇಳು.

ಕೀಲಿಕೈ ತಗೊಂಡು ನಾನು ಕೊಡಗಿಗೆ ಹೋಗಾಕ ಬಸ್ಸಿಗೆ ಹೊಂಟೀನಿ. ಬೊಳ್ಳಜ್ಜಿ ರಾಗಿ ಎಲ್ಲಾ ಒಳಗೇ ಅದ. ಕೀಲಿ ಮುರಿಯಾಕಿ ಅಲ್ಲ ಆಕಿ. ಪಾಪ, ಹುಡುಗ ಮರೆತು ಹಾಕ್ಯಾನಂತ ತಿಳ್ಕೊಂಡಿರ್ತಾಳ.

ಅಕ್ಕ