ಮೊದಲಿಂದ ಮಾಡಿ

ಕಕ್ಕಿಂಜೆ
12 ಡಿಸೆಂಬರ್ 2024

ಪ್ರಿಯ ವಾರಿಜಾ,

‘ನೋವಿಗೆ ನುಡಿಯಿಲ್ಲ’ ಎಂದು ಶುರುವಾಗುವ ಒಂದು ಸಾಲು; ಮುಂದಿನದು ಮರೆತಿದೆ. ಎಂ.ಎ. ಓದುವಾಗ ಇಬ್ಬರೂ ಮೆಚ್ಚಿ ಬರೆದಿಟ್ಟುಕೊಂಡಿದ್ದೆವು. ನಿಜವೇ ಅದು? ಸೋಮವಾರದಿಂದ ನನಗೆ ಹಾಗನ್ನಿಸುತ್ತಿಲ್ಲ.

ಮನ್ವಿತ್ ಮೆಟ್ಟಿಲಿನಿಂದ ಜಾರಿಬಿದ್ದ ಎಂದು ಬರೆದುಕೊಡಲು ಹೇಳಿದ್ದೀಯ. ಮುಖ್ಯೋಪಾಧ್ಯಾಯಿನಿಯಾಗಿ ಶಾಲೆಯನ್ನು, ಗೆಳತಿಯಾಗಿ ನನ್ನ ಕೆಲಸವನ್ನು ಉಳಿಸುವ ಆಸೆ ನಿನಗೆ. ನಾನು ಬರೆಯುವುದಿಲ್ಲ. ನಡೆದದ್ದು ಇದು.

ಹಳಗನ್ನಡವೆಂದರೆ ತೂಕಡಿಸುವ ಹತ್ತನೇ ತರಗತಿಯವರಿಗೆ ಪದ್ಯವನ್ನು ಆಡಿಸಿಯೇ ಕಲಿಸುವವಳು ನಾನು. ಮನೆಯಲ್ಲಿ ತುಳು ಬಿಟ್ಟು ಬೇರೆ ಆಡದ ಮಕ್ಕಳು. ಅದಕ್ಕೇ ನನ್ನದೊಂದು ನಿಯಮ: ನಾಟಕದ ನಡುವೆ ಯಾರ ಬಾಯಲ್ಲಿ ತುಳು ಬಂದರೂ ದೃಶ್ಯ ಮೊದಲಿಂದ.

ಅವತ್ತು ಇಬ್ಬರು ರಾಜಕುಮಾರರ ಗದೆಯ ಕಾಳಗ. ಗದೆಗೆ ರಟ್ಟು ಸುತ್ತಿದ್ದೆವು. ಒಳಗಿನ ಕೋಲು ಮರದ್ದು. ವರ್ಷವಿಡೀ ಕೊನೆಯ ಬೆಂಚಿನಲ್ಲಿ ಬಾಯಿಬಿಡದೆ ಕೂತಿದ್ದ ನಿತೇಶ್ ಪದ್ಯ ಹೇಳುತ್ತ ಬೀಸಿದ. ಮನ್ವಿತನ ಭುಜದಲ್ಲಿ ಟಕ್ಕೆಂದಿತು. ತರಗತಿ ಚಪ್ಪಾಳೆ ಹೊಡೆಯಿತು. ‘ಇನ್ನೊಂದು ಕೊಡು ಮಾರಾಯ!’ ಎಂದು ತೃಷಾ ಕೂಗಿದಳು. ಚಪ್ಪಾಳೆ ಕೇಳಿ ನಿತೇಶನ ಮುಖವೇ ಬೇರೆಯಾಯಿತು. ಮೊಣಕಾಲಿಗೆ ಹೊಡೆದ, ಪಕ್ಕೆಗೆ ಹೊಡೆದ, ಬಿದ್ದ ಮೇಲೆ ಬೆನ್ನಿಗೆ. ಮನ್ವಿತ್ ಕೈ ಅಡ್ಡ ಹಿಡಿದು ‘ಬೊಡ್ಚಿ, ಬೊಡ್ಚಿ’ ಎಂದ. ಬೇಡ, ಬೇಡ ಎಂದ.

ನಾನು ನಗುತ್ತಲೇ ಹೇಳಿದೆ: ‘ರಾಜಕುಮಾರ ತುಳು ಮಾತಾಡುವುದು ಉಂಟಾ? ಏಳು. ಮೊದಲಿಂದ ಮಾಡಿ.’

ಅವನು ಎದ್ದು ನಿಂತ. ಟೀಚರ್ ಹೇಳಿದರೆ ಏಳುವ ಹುಡುಗ. ಅಷ್ಟರಲ್ಲಿ ರಟ್ಟು ಹರಿದು ಕೋಲಿನ ತುದಿ ಹೊರಬಂದಿತ್ತು. ಎರಡನೇ ಸಲದ ಪೆಟ್ಟು ಹುಬ್ಬನ್ನು ಸೀಳಿ ಕಣ್ಣಿಗಿಳಿಯಿತು. ಹಲಗೆಯ ಮೇಲೆ ನಾನು ಬರೆದಿದ್ದ ಪದ್ಯಕ್ಕೆ ರಕ್ತ ಚಿಮ್ಮಿತು. ಆಗಲೂ ಯಾರೋ ಇಬ್ಬರು ಚಪ್ಪಾಳೆ ತಟ್ಟುತ್ತಿದ್ದರು.

ಎಡಗಣ್ಣು ಉಳಿಯುವುದಿಲ್ಲ ಎಂದು ಡಾಕ್ಟರು ಅವನ ತಾಯಿಗೆ ಹೇಳುವಾಗ ನಾನು ಪಕ್ಕದಲ್ಲಿದ್ದೆ. ಆಕೆ ನನ್ನನ್ನು ಕೇಳಿದ್ದು ಒಂದೇ: ‘ಅವ ಕೂಗಲಿಲ್ವಾ ಟೀಚರ್?’

ಉತ್ತರವಾಗಿ ಈ ಪತ್ರದ ಒಂದು ಪ್ರತಿಯನ್ನು ಆಕೆಗೂ ಕೊಡುತ್ತೇನೆ. ಆಮೇಲೆ ನೀನು ನನ್ನನ್ನು ಏನು ಮಾಡಬೇಕೋ ಮಾಡು.

ನಿನ್ನ
ಶುಭಶ್ರೀ

ವಿ.ಸೂ.: ನಿತೇಶನದು ನನ್ನ ಪಕ್ಕದ ಮನೆ. ಮೂಡುಬಿದಿರೆಯಿಂದ ಓಡಾಡುವ ನಿನಗೆ ಗೊತ್ತಿರಲಿಕ್ಕಿಲ್ಲ, ನಾನೂ ಹೇಳಿರಲಿಲ್ಲ. ಈಗತಾನೇ ಅವನ ತಾಯಿ ಪದ್ಮಾಕ್ಷಿ ಬಂದಿದ್ದರು. ತುಟಿ ಒಡೆದಿತ್ತು. ಮಗನ ಹೆಸರು ಬರೆಯಬೇಡಿ ಎಂದು ಬೇಡಿಕೊಳ್ಳಲು ಬಂದರೆಂದುಕೊಂಡೆ. ಒಳಗೆ ಕರೆದರೂ ಬರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದರು: ‘ಹೊಡೆಯುವುದನ್ನು ಅವ ನಿಮ್ಮ ನಾಟಕದಲ್ಲಿ ಕಲಿತದ್ದಲ್ಲ ಟೀಚರ್, ಅವನ ಅಪ್ಪನನ್ನು ನೋಡಿ ಕಲಿತದ್ದು. ಹದಿನೈದು ವರ್ಷದಿಂದ ಗೋಡೆಯಾಚೆ ನಿಮಗೆ ಕೇಳ್ತಾ ಇತ್ತಲ್ಲ?’