ಬೆಣ್ಣೆ ಕದ್ದವಳು

ಝನ್ಸ್ಕಾರ್, ಸನ್ಯಾಸಿನಿಯರ ಮಠ
ಸೆಪ್ಟೆಂಬರ್ ೧೪

ಪ್ರೀತಿಯ ಕುಂಜೆಸ್ ಅಕ್ಕಾ,

ಜುಲೇ, ನಮಸ್ಕಾರ. ಮನಾಲಿಯ ಹೋಟೆಲಿನ ಒಲೆಯ ಮುಂದೆ ನಿಂತು ನಿಂತು ನಿನ್ನ ಮಂಡಿ ಹೇಗಾಗಿದೆ? ಕೆಮ್ಮಿಗೆ ಏನಾದರೂ ಕುಡಿಯುತ್ತೀಯೋ, ಎಂದಿನಂತೆ ಬೇರೆಯವರಿಗಷ್ಟೇ ಕಾಯಿಸಿ ಕೊಡುತ್ತೀಯೋ? ಇಲ್ಲಿ ಬಾರ್ಲಿ ಕೊಯ್ಲು ಮುಗಿಯಿತು. ಅಮ್ಮ ಗಟ್ಟಿಯಾಗಿದ್ದಾಳೆ, ಬೈಗುಳ ಕೇಳಿದರೆ ಗೊತ್ತಾಗುತ್ತದೆ.

ಮೊನ್ನೆ ಮಠದ ಅಂಗಳದಲ್ಲಿ ವಾದದ ಸರದಿ ನನ್ನದು. ನಾನು ಕೂತು ಉತ್ತರ ಹೇಳಬೇಕು. ಪದ್ಮಾ ನಿಂತು, ಚಪ್ಪಾಳೆ ತಟ್ಟಿ, ಪ್ರಶ್ನೆ ಎಸೆಯಬೇಕು. ‘ನಾನು’ ಎಂಬುದು ಇದೆಯೇ ಎನ್ನುವುದೇ ವಿಷಯ. ತಲೆ ನಾನಲ್ಲ, ಉಸಿರು ನಾನಲ್ಲ, ಯೋಚನೆಯೂ ನಾನಲ್ಲ, ಅದು ಬರೀ ಹೆಸರು ಎಂದು ಸಲೀಸಾಗಿ ಹೇಳುತ್ತಿದ್ದೆ. ನನಗೇ ನನ್ನ ಮೇಲೆ ಮೆಚ್ಚುಗೆ ಹುಟ್ಟಿತ್ತು. ಗೋಡೆಗೊರಗಿ ಬಿಸಿಲು ಕಾಯುತ್ತಿದ್ದ ನಮ್ಮ ಗುರು, ಅಜ್ಜಿ ಗೆನ್-ಲಾ, ಕಣ್ಣು ಮುಚ್ಚಿಕೊಂಡೇ, “ಅಲ್ವೇ ಯಾಂಗ್ಚನ್, ದೀಪದ ಬೆಣ್ಣೆ ಕದ್ದು ಚಾಕ್ಕೆ ಹಾಕ್ಕೊಂಡೋಳು ನೀನೇ ತಾನೇ?” ಎಂದರು. ಅಷ್ಟೂ ಜನರೆದುರು. ಉತ್ತರಿಸುವವಳು ಏಳುವಂತಿಲ್ಲ; ನಾನು ಎದ್ದೇಬಿಟ್ಟೆ. “ನಾನಾ? ನಾನು ಕದ್ದೆನಾ?” “ಬಂದ್ಲು ನೋಡ್ರೇ! ಇಷ್ಟೊತ್ತು ಇಲ್ಲ ಇಲ್ಲ ಅಂತಿದ್ಯಲ್ಲ, ಆ ‘ನಾನು’ ಈಗ ಬಂದ್ಲು. ಬಿಡಬೇಡ, ಹಿಡ್ಕೋ. ಸಿಕ್ಕಿದ್ರೆ ನನಗೂ ತೋರಿಸು,” ಎಂದರು ಗೆನ್-ಲಾ. ಪದ್ಮಾ ಚಪ್ಪಾಳೆ ಮರೆತು ನಕ್ಕಳು. ಬೆಣ್ಣೆಯನ್ನು ಯಾರೂ ಕದ್ದಿರಲೇ ಇಲ್ಲ.

ಹುಡುಕಿದೆ. ಕಿವಿ ಸುಡುತ್ತಿತ್ತು, ಎದೆ ಬಡಿಯುತ್ತಿತ್ತು; ಎರಡೂ ನಿಜ. ಅವಮಾನಪಟ್ಟವಳು ಮಾತ್ರ ಎಲ್ಲಿ ಕೂತಿದ್ದಾಳೋ ತಿಳಿಯಲಿಲ್ಲ. ಇಲ್ಲವೇ ಇಲ್ಲ ಎನ್ನುವ ಧೈರ್ಯ ಇನ್ನು ನನಗಿಲ್ಲ. ಆದರೂ ಸಗಣಿ ಬುಟ್ಟಿಯನ್ನು ಬೆನ್ನಿನಿಂದ ಇಳಿಸಿದಂತೆ ಹಗುರಾಯಿತು, ನಗು ಬಂತು. ಆಗಲೇ ನೀನು ನೆನಪಾದೆ. ಅಮ್ಮನ ಪೆರಾಕ್, ಹಿರಿಮಗಳಾದ ನಿನ್ನ ತಲೆಗೇ ಬರಬೇಕಾದ ಆಭರಣ, ಅದರ ದೊಡ್ಡ ನೀಲಿಕಲ್ಲು ಕಾಣೆಯಾದಾಗ ಅಮ್ಮ ಕೇಳಿದ್ದೂ ಹೀಗೆಯೇ: “ಮಾರಿದ್ದು ನೀನೇ ತಾನೇ?” ನನಗೆ ಅದು ತಮಾಷೆಯೆಂದು ಚಹಾ ಆರುವ ಮೊದಲೇ ತಿಳಿಯಿತು. ನೀನು ಅದೇ ಸುಡುವ ಕಿವಿಯನ್ನು ಹೊತ್ತು ಬೆಟ್ಟ ದಾಟಿ ಹೋದೆ, ಎರಡು ಚಳಿಗಾಲ ಕಳೆದೆ.

ಗೆನ್-ಲಾ ನಿನ್ನನ್ನು ಹರಸಿದ್ದಾರೆ. ಬೆಚ್ಚಗಿರು.

ನಿನ್ನ ತಂಗಿ,
ಯಾಂಗ್ಚನ್

ಮರೆತೇಬಿಟ್ಟೆ, ಕಾಗದ ಒಯ್ಯುವ ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ನಿನ್ನೆ ಮನೆಗೆ ಹೋಗಿದ್ದೆ. ಕಲ್ಲು ಸಿಕ್ಕಿದೆ. ಹೊಲಿಗೆ ಬಿಟ್ಟು ಪೆರಾಕ್‌ನ ಒಳಬಟ್ಟೆಯೊಳಗೇ ಜಾರಿತ್ತು. ಹಿಮ ಬಿದ್ದು ದಾರಿ ಮುಚ್ಚಲು ಇನ್ನೂ ಸಮಯವಿದೆ. ‘ತಪ್ಪಾಯಿತು’ ಎನ್ನುವ ಮಾತು ಅಮ್ಮನ ಬಾಯಿಂದ ಬರುವುದಲ್ಲ, ನಿನಗೇ ಗೊತ್ತು. ಆದರೆ ಕಲ್ಲನ್ನು ಮತ್ತೆ ಕೂಡಿಸೋಣವೆಂದು ನಾನು ಸೂಜಿ ಎತ್ತಿಕೊಂಡರೆ ಕೈ ಮೇಲೆ ಹೊಡೆದಳು: “ಮುಟ್ಟಬೇಡ್ವೇ. ಅವಳೇ ಬಂದು ಹೊಲೀಲಿ.”